ಪಿಂಜಾರರ ಮಕ್ಕಳು ಕೌದಿ ಹೊಲಿಸಲು ಹೋದದ್ದು

ಅವ್ವ ತೀರಿಕೊಂಡ ಮೇಲೆ ಅವಳ ಒಳ್ಳೆಯ ಬಟ್ಟೆಗಳನ್ನೆಲ್ಲ ನಲವತ್ತು ದಿನದೊಳಗೆ ಹಂಚಿದೆವು. ಟ್ರಂಕಿನ ತಳದಲ್ಲಿ ಹನ್ನೊಂದು ಸೀರೆ ಉಳಿದವು. ಹಳೆಯ ಇಳಕಲ್ ಸೀರೆಗಳು, ಒಗೆದೊಗೆದು ಮೆತ್ತಗಾದವು, ಕೆಲವು ಮಂಡಿಯ ಹತ್ತಿರ ಪಿಸಿದವು. ದಾನ ಕೊಡಲು ನಾಚಿಕೆಯಾಗುವಷ್ಟು ಹಳೆಯವು, ಬಿಸಾಡಲು ಕೈ ಬಾರದವು. ಅವುಗಳ ನಡುವೆ, ಒಂದು ಕರವಸ್ತ್ರದಲ್ಲಿ ಸುತ್ತಿ, ಇನ್ನೊಂದು ವಸ್ತು ಇತ್ತು. ಅದರ ವಿಷಯ ಆಮೇಲೆ.

ನಾವು ಮೂವರು ಮಕ್ಕಳು. ಹಿರಿಯವನು ಬ್ಯಾಂಕಿನಿಂದ ನಿವೃತ್ತನಾಗಿದ್ದಾನೆ. ನಡುವಿನವಳು ಶಾಲೆಯ ಮಾಸ್ತರಳು. ಕಿರಿಯವಳು ಬೆಂಗಳೂರಿನಲ್ಲಿ ಕಂಪ್ಯೂಟರಿನ ಮುಂದೆ ಕೂರುವವಳು. ಹಿರಿಯವನ ಮಗಳಿಗೆ ಏಳು ತಿಂಗಳಾಗಿತ್ತು. 'ಆ ಕೂಸಿಗೆ ಕೌದಿ ನಾನೇ ಹೊಲೀತೀನಿ' ಎಂದು ಅವ್ವ ಹೇಳುತ್ತಿದ್ದಳು, ಮೊಮ್ಮಗಳ ಮದುವೆ ಗೊತ್ತಾಗುವ ಮೊದಲಿನಿಂದಲೂ. ನಮ್ಮಲ್ಲಿ ಯಾರಿಗೂ ಕೌದಿ ಹೊಲಿಯಲು ಬರುವುದಿಲ್ಲ. ಹಾಗಾಗಿ ಹೊಲಿಯುವವರನ್ನು ಹುಡುಕಿಕೊಂಡು, ದಾರಿಯಲ್ಲಿ ಬೇಕಾದ ಬಟ್ಟೆ ಕೊಂಡುಕೊಂಡು ಬರೋಣವೆಂದು ಹರಿಹರದಿಂದ ಕಾರಿನಲ್ಲಿ ಹೊರಟೆವು. ಮೂವರೂ ಒಂದೇ ವಾಹನದಲ್ಲಿ ಮೂರು ದಿನ ಕಳೆದದ್ದು ಬಾಲ್ಯದ ನಂತರ ಇದೇ ಮೊದಲು. ಜಗಳವಾಗುತ್ತದೆಂದು ಮನೆಯವರು ಹೆದರಿದ್ದರು. ಆಯಿತು ಕೂಡ, ಆದರೆ ಅದು ಕಿಟಕಿ ತೆರೆಯಬೇಕೋ ಎ.ಸಿ. ಹಾಕಬೇಕೋ ಎಂಬ ವಿಷಯಕ್ಕೆ.

ಓದುಗರಿಗೆ ಒಂದು ಮಾತು ಮೊದಲೇ ಹೇಳಬೇಕು. ನಾವು ಪಿಂಜಾರರು. ಕಾಗದಪತ್ರದಲ್ಲಿ ನದಾಫ್ ಎಂದೂ ಬರೆಯುತ್ತಾರೆ. ಅರಬಿಯಲ್ಲಿ ಆ ಶಬ್ದಕ್ಕೆ ಹತ್ತಿ ಹಿಂಜುವವನು ಎಂದೇ ಅರ್ಥ. ನಮ್ಮ ಮನೆಮಾತು ಕನ್ನಡ. ನಮಾಝು ಕಲಿತದ್ದು ಅರಬಿಯಲ್ಲಿ, ಅತ್ತದ್ದು ನಕ್ಕದ್ದು ಕನ್ನಡದಲ್ಲಿ. ಅಪ್ಪ ಹೆಗಲ ಮೇಲೆ ಹಿಂಜುವ ಬಿಲ್ಲು ಹೊತ್ತು ಊರೂರು ತಿರುಗುತ್ತಿದ್ದ. ಗಾದಿ, ದಿಂಬು, ರಜಾಯಿ. ಯಾರದೋ ಅಂಗಳದಲ್ಲಿ ಕುಳಿತು ನರದ ಹುರಿಯನ್ನು ಮರದ ಗುಂಡಿನಿಂದ ಮೀಟಿದರೆ ಗಟ್ಟಿಯಾಗಿದ್ದ ಹಳೆಯ ಹತ್ತಿ ಎಳೆಎಳೆಯಾಗಿ ಹಾರಿ ಮೋಡದಂತೆ ಗುಡ್ಡೆ ಬೀಳುತ್ತಿತ್ತು. ಆ ಟೊಂಯ್ ಟೊಂಯ್ ಸದ್ದು ಕೇಳಿದರೆ ಓಣಿಯ ಮಕ್ಕಳೆಲ್ಲ ಸೇರುತ್ತಿದ್ದರು. ನಾವು ಮಾತ್ರ ಆ ಓಣಿ ಬಿಟ್ಟು ಸುತ್ತುಹಾಕಿ ಶಾಲೆಗೆ ಹೋಗುತ್ತಿದ್ದೆವು.

ಏಕೆಂದರೆ ಶಾಲೆಯಲ್ಲಿ ನಮ್ಮ ಹೆಸರೇ 'ಟೊಂಯ್ ಟೊಂಯ್' ಆಗಿತ್ತು. ಹಿಂದೂ ಹುಡುಗರು ಮಾತ್ರ ಹಾಗೆ ಕರೆಯುತ್ತಿದ್ದರು ಎಂದುಕೊಂಡರೆ ತಪ್ಪು. ಉರ್ದು ಮಾತಾಡುವ ನಮ್ಮವರೇ 'ಇವರಿಗೆ ಸರಿಯಾಗಿ ಸಲಾಮ್ ಹೇಳೋಕೂ ಬರಲ್ಲ' ಎಂದು ನಗುತ್ತಿದ್ದರು. ನಡುವಿನವಳಿಗೆ ಬಂದ ಒಂದು ಸಂಬಂಧ ಎಲ್ಲ ಮಾತುಕತೆ ಮುಗಿದ ಮೇಲೆ, ಅಪ್ಪನ ಕಸುಬು ತಿಳಿದು ಮುರಿದುಬಿತ್ತು. ಮಸೀದಿಯಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುವವರೇ ಅವರು. ನಾವೂ ಕಡಿಮೆಯವರಲ್ಲ. ಪ್ರವರ್ಗ 1ರ ಜಾತಿ ಪ್ರಮಾಣಪತ್ರಕ್ಕೆ ಬೇಕಾಗಿದ್ದ ಹೆಸರು ಮದುವೆಯ ಕಾಗದದಲ್ಲಿ ನಮಗೆ ಬೇಡವಾಗಿತ್ತು. ಕ್ರಿ.ಶ. 922ರಲ್ಲಿ ಬಗ್ದಾದಿನಲ್ಲಿ ಕೊಲ್ಲಲ್ಪಟ್ಟ ಸೂಫಿ ಮನ್ಸೂರ್ ಅಲ್ ಹಲ್ಲಾಜ್‌ನ ಹೆಸರನ್ನು ನಮ್ಮವರು ಎಷ್ಟು ಗೌರವದಿಂದ ಎತ್ತುತ್ತಾರೆ! ಹಲ್ಲಾಜ್ ಎಂದರೂ ಹತ್ತಿ ಹಿಂಜುವವನೇ. ಇದು ನಮಗೆ ತಿಳಿದದ್ದು ತಲೆ ನರೆತ ಮೇಲೆ. ಶಾಲೆಯಲ್ಲಿ ತಿಳಿದಿದ್ದರೆ ಒಂದೆರಡು ಜಗಳವಾದರೂ ಗೆಲ್ಲುತ್ತಿದ್ದೆವು.

ಹೊಸಪೇಟೆ, ಕುಷ್ಟಗಿ ದಾಟಿ ಮಧ್ಯಾಹ್ನದ ಹೊತ್ತಿಗೆ ಇಳಕಲ್ ತಲುಪಿದೆವು. ಕೌದಿಗೆ ಅಡಿಬಟ್ಟೆಯಾಗಿ ಒಂದು ಇಡೀ ಹೊಸ ಹತ್ತಿ ಸೀರೆ ಬೇಕು, ಅದು ಅವ್ವನ ಸೀರೆಯ ಊರಿನದೇ ಆಗಲಿ ಎಂಬುದು ಕಿರಿಯವಳ ಹಟ. ಅಂಗಡಿಯಲ್ಲಿ ಗುಡ್ಡೆ ಹಾಕಿದ್ದು ಬಹುಪಾಲು ಮಿರಿಮಿರಿ ಮಿಂಚುವ ಮಾಲು. ಹತ್ತಿಯದು ಬೇಕೆಂದಾಗ ಅಂಗಡಿಯವರು ಒಳಗಿನಿಂದ ನಾಲ್ಕೇ ನಾಲ್ಕು ತಂದರು. ನಾವು ಅವ್ವನ ಒಂದು ಸೀರೆಯನ್ನು ಬಣ್ಣ ಹೋಲಿಸಲು ತೆಗೆದೆವು. ಅವರು ನಮ್ಮ ಹೊಸ ವ್ಯಾಪಾರ ಮರೆತು ಆ ಹಳೆಯ ಸೀರೆಯ ಸೆರಗನ್ನೇ ಬೆಳಕಿಗೆ ಹಿಡಿದರು. ಇಳಕಲ್ ಸೀರೆಯ ಗುಟ್ಟು ಇರುವುದು ಅಲ್ಲೇ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಸಿಕ್ಕಿಸಿ ಕೂಡಿಸುತ್ತಾರೆ. ಅದಕ್ಕೆ ಕೊಂಡಿ ಎನ್ನುತ್ತಾರೆ. ಕೆಂಪು ಸೆರಗಿನ ಮೇಲೆ ಬಿಳಿಯ ತೋಪು ತೆನಿ.

'ಒಡಲು ಪಿಸದೈತಿ, ಕೊಂಡಿ ಒಂದೂ ಬಿಚ್ಚಿಲ್ಲ ನೋಡ್ರಿ' ಎಂದರು ಅವರು. 'ಇದನ್ನ ಹರೀತೀರೇನ್ರಿ?'

ಹರಿಯುವುದಕ್ಕೇ ಒಯ್ಯುತ್ತಿದ್ದೇವೆ ಎಂದು ಹೇಳಲು ಮೂವರಿಗೂ ಬಾಯಿ ಬರಲಿಲ್ಲ. ಗಾಡಿ ದಡಿಯ ಒಂದು ಕಡುನೀಲಿ ಸೀರೆ ಕೊಂಡು ಹೊರಬಂದೆವು. ಹಿರಿಯವನು ಚೌಕಾಸಿ ಮಾಡುವುದನ್ನು ಮರೆತದ್ದು ಆ ದಿನದ ವಿಶೇಷ.

ರಾತ್ರಿ ಅಲ್ಲೇ ತಂಗಿದೆವು. ಮರುದಿನ ಅಮೀನಗಡದಲ್ಲಿ ಕರದಂಟು ತಿಂದು ಗುಳೇದಗುಡ್ಡದ ದಾರಿ ಹಿಡಿದೆವು. ಖಣಕ್ಕೆ ಹೆಸರಾದ ಊರದು. ಉಡಿ ತುಂಬುವಾಗ ಕೊಡುವ ಕುಪ್ಪಸದ ಬಟ್ಟೆ. ಅವ್ವನಿಗೆ ಪಕ್ಕದ ಮನೆಯ ಲಿಂಗಾಯತರ ಅಮ್ಮ ಪ್ರತಿ ವರ್ಷ ತ್ರಿಕೋನಾಕಾರದಲ್ಲಿ ಮಡಚಿದ ಒಂದು ಖಣ ಕೊಡುತ್ತಿದ್ದರು. ಅವ್ವ ಹೊಲಿಸಿಕೊಂಡು ಉಟ್ಟ ಸೀರೆಗಳಿಗೆಲ್ಲ ಅದೇ ಕುಪ್ಪಸ. ಕೌದಿಯ ಅಂದಕ್ಕೆ ಖಣದ ತುಂಡು ಇರಲೆಂದು ದಾರಿಯ ಮೇಲಿನ ಒಂದು ಅಂಗಡಿಯಲ್ಲಿ ಸೂಜಿಮಲ್ಲಿಗೆ ಬುಟ್ಟಾದ ಕೆಂಪು ಖಣ ಎರಡು ಮೀಟರ್ ಕತ್ತರಿಸಿಸಿದೆವು. 'ಕೈಮಗ್ಗದ್ದು, ಪೂರಾ ಹತ್ತಿ' ಎಂದು ಆಣೆ ಮಾಡುವ ಹಾಗೆ ಹೇಳಿದರು. ಬೆಲೆಯೂ ಹಾಗೇ ಇತ್ತು.

ಕಾರಿನೊಳಗೆ ಕುಳಿತ ಮೇಲೆ ನಡುವಿನವಳಿಗೆ ಅನುಮಾನ. ಅಂಚಿನಿಂದ ಒಂದು ಎಳೆ ತೆಗೆದು ಬೆಂಕಿಕಡ್ಡಿ ಗೀರಿದಳು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗಿ ಉದುರಬೇಕು. ಅಪ್ಪ ಸಂತೆಯಲ್ಲಿ ಹತ್ತಿ ಕೊಳ್ಳುವಾಗ ಮಾಡುತ್ತಿದ್ದ ಪರೀಕ್ಷೆ ಅದು. ಈ ಎಳೆ ಕರಗಿ, ಕರಿ ಸಾಸಿವೆಯಂತೆ ಗುಂಡಗಾಯಿತು. ಶುದ್ಧ ಪಾಲಿಯೆಸ್ಟರ್. ಹಿಂದಿರುಗಿ ಜಗಳವಾಡೋಣ ಎಂದ ಹಿರಿಯವನು. ಹದಿನೈದು ಕಿಲೋಮೀಟರ್ ಬಂದಾಗಿತ್ತು. ಪಿಂಜಾರನ ಮೂರು ಮಕ್ಕಳು ಸೇರಿ ನೂಲಿನಲ್ಲಿ ಮೋಸಹೋದರು ಎಂದು ಯಾರಿಗೂ ಹೇಳಬಾರದೆಂದು ಒಪ್ಪಂದವಾಯಿತು. ಇದೀಗ ಆ ಒಪ್ಪಂದ ಮುರಿಯುತ್ತಿದ್ದೇವೆ. ಎಲ್ಲ ಖಣವೂ ಹೀಗೆಂದಲ್ಲ. ಆ ಊರಿನಲ್ಲಿ ಇಂದಿಗೂ ಮಗ್ಗದ ಮುಂದೆ ಕೂರುವವರಿದ್ದಾರೆ. ನಾವು ಅವರ ಮನೆಯ ಬಾಗಿಲು ತಟ್ಟದೆ ಹೊಳೆಯುವ ಬೋರ್ಡು ನೋಡಿ ಇಳಿದದ್ದೇ ನಮ್ಮ ತಪ್ಪು.

ನರಗುಂದ ದಾಟಿ ನವಲಗುಂದದಲ್ಲಿ ನಿಂತದ್ದು ಅರ್ಧ ಗಂಟೆ ಮಾತ್ರ. ಅಲ್ಲಿಯ ಜಮಖಾನಗಳನ್ನು ನೇಯುವವರು ಮುಸ್ಲಿಂ ಹೆಂಗಸರು. ಮನೆಯೊಳಗೆ ನೆಟ್ಟಗೆ ನಿಲ್ಲಿಸಿದ ಮಗ್ಗ, ಪಗಡೆಹಾಸು, ನವಿಲು. ಒಂದು ಸಣ್ಣ ಜಾನಮಾಝ್ ಕೊಂಡೆವು. ಊರಿನ ಸುತ್ತ ಎರೆಹೊಲ. ಹಿಂದೆ ಇಲ್ಲೆಲ್ಲ ಜಯಧರ ಹತ್ತಿ ಬೆಳೆಯುತ್ತಿದ್ದರು. ಎಳೆ ಗಿಡ್ಡ, ಆದರೆ ಗಾದಿಗೆ ಅದರಂಥದು ಇಲ್ಲ ಎನ್ನುತ್ತಿದ್ದ ಅಪ್ಪ. ದೇಶದಲ್ಲಿ 2002ರಲ್ಲಿ ಬಿ.ಟಿ. ಹತ್ತಿಗೆ ಅನುಮತಿ ಸಿಕ್ಕ ಮೇಲೆ ಜಯಧರ ಮೂಲೆ ಸೇರಿತು. ಅಪ್ಪ ಅದನ್ನು ನೋಡಲು ಇರಲಿಲ್ಲ. ಅವನನ್ನು ಮುಗಿಸಿದ್ದು ಬಿ.ಟಿ. ಅಲ್ಲ, ಫೋಮ್ ಗಾದಿ. ಹಿಂಜುವ ಯಂತ್ರ ಬಂದಾಗ ಹೇಗೋ ಬದುಕಿದ್ದ. ಹಿಂಜುವ ಅಗತ್ಯವೇ ಇಲ್ಲದ ಗಾದಿ ಬಂದ ಮೇಲೆ ಮನೆಯಲ್ಲಿ ಕುಳಿತ.

ಎರಡನೆಯ ರಾತ್ರಿ ಹುಬ್ಬಳ್ಳಿ. ಬೆಳಿಗ್ಗೆ ದುರ್ಗದಬೈಲಿನ ಕಡೆ ನಡೆದು ಜವಳಿ ಸಾಲಿಗೆ ಹೊಕ್ಕೆವು. ಆ ಸಾಲಿನಲ್ಲಿ ನಡೆಯುವುದೇ ಒಂದು ಸುಖ. ತಾನುಗಳನ್ನು ಬಿಚ್ಚಿ ಎಸೆಯುವ ಸದ್ದು, ಗಂಜಿ ಹಾಕಿದ ಹೊಸ ಬಟ್ಟೆಯ ವಾಸನೆ, 'ಬರ್ರಿ ಅಕ್ಕಾರ' ಎಂಬ ಕರೆ. ಒಂದು ದೊಡ್ಡ ಮಳಿಗೆಯಲ್ಲಿ 'ಕೌದಿ' ಎಂದು ಕೇಳಿದಾಗ ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟ ಒಂದನ್ನು ತೋರಿಸಿದರು. 1,200 ರೂಪಾಯಿ. ತುಂಡುಗಳನ್ನು ಕೂಡಿಸಿದ ಹಾಗೆ ಕಾಣುತ್ತಿತ್ತು, ಮುಟ್ಟಿದರೆ ತುಂಡೇ ಇಲ್ಲ. ತೇಪೆಯ ಚಿತ್ರವನ್ನು ಒಂದೇ ಬಟ್ಟೆಯ ಮೇಲೆ ಅಚ್ಚು ಹಾಕಿದ್ದರು. ಹರಿದ ಬಟ್ಟೆಗೆ ತೇಪೆ ಹಾಕುವುದು ಬಡತನವೆಂದು ನಾಚುತ್ತಿದ್ದ ನಾವು, ತೇಪೆಯ ಚಿತ್ರಕ್ಕೆ ಬೆಲೆ ಕಟ್ಟುವ ಕಾಲ ಬಂದದ್ದನ್ನು ನೋಡುತ್ತ ನಿಂತೆವು.

ಆ ಮಳಿಗೆಯಿಂದ ಹೊರಬಂದು ಒಂದು ಸಂದಿಯಲ್ಲಿ ಹಳೆಯ ಗಾದಿ ಅಂಗಡಿ ಕಂಡೆವು. ಪಟ್ಟೆಪಟ್ಟೆಯ ಗಾದಿಪಾಟದ ಸುರುಳಿಗಳು, ಮೂಲೆಯಲ್ಲಿ ಹತ್ತಿ ಮೂಟೆ, ಮುಂದೆ ರೆಕ್ರಾನ್ ದಿಂಬುಗಳ ಗುಡ್ಡೆ. ಗಾದಿಯ ಮೇಲೆ ಕುಳಿತು ದಬ್ಬಣದಲ್ಲಿ ಹೊಲಿಗೆ ಹಾಕುತ್ತಿದ್ದ ಮುದುಕರೊಬ್ಬರು ತಲೆ ಎತ್ತಲಿಲ್ಲ. ಕೌದಿಯ ನಡುವೆ ತೆಳ್ಳಗೆ ಹಾಕಲು ಸ್ವಲ್ಪ ಹತ್ತಿ ಬೇಕಿತ್ತು. ಬೇಕಿರಲಿಲ್ಲ ಎಂದರೂ ಸರಿಯೇ, ಕೊಳ್ಳಬೇಕು ಅನ್ನಿಸಿತು. ಮೂಟೆಗೆ ಕೈ ಹಾಕಿ ಒಂದು ಚಿಟಿಕೆ ತೆಗೆದು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡಿದೆವು. ಮೂವರೂ, ಒಬ್ಬರ ನಂತರ ಒಬ್ಬರು, ಹಾಗೇ ಮಾಡಿದೆವಂತೆ. ನಮಗೆ ಗೊತ್ತೇ ಆಗಿರಲಿಲ್ಲ.

ಮುದುಕರ ಸೂಜಿ ನಿಂತಿತು. 'ಗಿರಾಕಿ ಒತ್ತಿ ನೋಡ್ತಾರ. ನೀವು ಎಳಿ ಜಗ್ಗಿ ನೋಡಾಕತ್ತೀರಿ. ಯಾರ ಮಕ್ಕಳ್ರೀ?'

ಐವತ್ತು ವರ್ಷ ಈ ಪ್ರಶ್ನೆಗೆ ನಾವು ಬೇರೆ ಬೇರೆ ಉತ್ತರ ಕೊಟ್ಟಿದ್ದೇವೆ. ವ್ಯಾಪಾರಿ, ರೈತ, ಒಮ್ಮೆ ಕಂಟ್ರಾಕ್ಟರ್ ಕೂಡ. ಹಿರಿಯವನೇ ಅಂದ, 'ಪಿಂಜಾರ್ರ ಮಕ್ಕಳ್ರೀ. ಹರಿಹರದ ಕಡೆಯವರು.' ಅವರಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಚಹಾ ತರಲು ಹುಡುಗನನ್ನು ಕಳಿಸಿದರು.

ಆಗ ಕಿರಿಯವಳು ಕರವಸ್ತ್ರದ ಗಂಟು ಬಿಚ್ಚಿ ಮುಂದಿಟ್ಟಳು. 1998ರಲ್ಲಿ ಹಳೆಯ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿಸುವಾಗ ಅಟ್ಟದ ಮೇಲಿದ್ದ ಅಪ್ಪನ ಬಿಲ್ಲನ್ನು ನಾವು ಸ್ನಾನದ ಹಂಡೆಯ ಒಲೆಗೆ ಹಾಕಿದ್ದೆವು. ಹೊಸ ಮನೆಗೆ ಬರುವ ಬೀಗರ ಕಣ್ಣಿಗೆ ಅದು ಬೀಳಬಾರದಿತ್ತು. ಅಪ್ಪ ಸತ್ತು ನಾಲ್ಕು ವರ್ಷವಾಗಿತ್ತು. ಅವ್ವ ಏನೂ ಅನ್ನಲಿಲ್ಲ. ಒಲೆಗೆ ಹಾಕುವ ಮೊದಲು ಹುರಿಯನ್ನು ಬಿಚ್ಚಿ ಇಟ್ಟುಕೊಂಡಿದ್ದಾಳೆ ಎಂಬುದು ಟ್ರಂಕು ತೆರೆದ ದಿನವೇ ನಮಗೆ ತಿಳಿದದ್ದು.

ಮುದುಕರು ಆ ಒಣಗಿ ಸುರುಟಿದ ನರದ ಹುರಿಯ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿ, ಇನ್ನೊಂದು ತುದಿಯನ್ನು ಎಡಗೈಯಲ್ಲಿ ಬಿಗಿದು, ಉಗುರಿನಿಂದ ಮೀಟಿದರು. ಸಣ್ಣ ಸದ್ದು ಬಂತು. ಎದುರಿನ ಅಂಗಡಿಯ ಟೇಪ್‌ರೆಕಾರ್ಡರಿನಲ್ಲಿ ಮುಚ್ಚಿಹೋಗುವಷ್ಟು ಸಣ್ಣದು. ನಡುವಿನವಳು ಹೊರಗೆ ಹೋಗಿ ನಿಂತಳು. ಹತ್ತಿಗೆ ಅವರು ದುಡ್ಡು ತೆಗೆದುಕೊಂಡರು, ತೂಕ ಮಾಡಿಯೇ ಕೊಟ್ಟರು. ಅದು ನಮಗೆ ಇಷ್ಟವಾಯಿತು.

ಅದೇ ದಿನ ಕಲಘಟಗಿಯ ಮೇಲಿಂದ ಹಳಿಯಾಳದ ಕಡೆ ಹೊರಟೆವು. ನಡುವಿನವಳ ಜೊತೆ ಟಿ.ಸಿ.ಎಚ್. ಓದಿದ ಗೆಳತಿಯೊಬ್ಬರು ಅಲ್ಲಿಯ ಶಾಲೆಯಲ್ಲಿದ್ದಾರೆ. ಕಾಡಂಚಿನ ಒಂದು ಸಿದ್ದಿ ಹಳ್ಳಿಗೆ ಅವರೇ ಕರೆದೊಯ್ದರು. ಆಫ್ರಿಕಾದ ಪೂರ್ವ ತೀರದಿಂದ ಗುಲಾಮರಾಗಿ ತರಲ್ಪಟ್ಟವರ ಸಂತತಿ ಇವರು. ಗೋವೆಯ ಪೋರ್ಚುಗೀಸರ ಕೈ ತಪ್ಪಿಸಿಕೊಂಡು ಈ ಕಾಡು ಸೇರಿದವರೂ ಅವರಲ್ಲಿದ್ದರು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಅವರಲ್ಲಿದ್ದಾರೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು. ಬೆಳಗಾವಿ ಮತ್ತು ಧಾರವಾಡದವರು 2020ರವರೆಗೆ ಕಾಯಬೇಕಾಯಿತು. ಅವರ ಕೌದಿಗಳು 2011ರಲ್ಲಿ ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡಿದ್ದವು. ನಾವು ಹೋದ ಮನೆಯಲ್ಲಿ ಅಂಥದೇ ಒಂದು ಕೌದಿ ಅಡಿಕೆ ಒಣಗಿಸಿದ ಚಪ್ಪರದ ಮೇಲೆ ಬಿಸಿಲಿಗೆ ಬಿದ್ದಿತ್ತು.

ಆಕೆಗೆ ಅರವತ್ತರ ಮೇಲಿರಬಹುದು. ಸಲಾಮ್ ಹೇಳಿ ನೆಲದ ಮೇಲೆ ಚಾಪೆ ಹಾಸಿದಳು. ನಮ್ಮ ಉರ್ದುವಿಗಿಂತ ಅವಳ ಉರ್ದು ವಾಸಿ, ಅವಳ ಕನ್ನಡಕ್ಕಿಂತ ನಮ್ಮ ಕನ್ನಡ ವಾಸಿ. ಎರಡನ್ನೂ ಬೆರೆಸಿ ವ್ಯವಹಾರ ನಡೆಯಿತು. ಸಿದ್ದಿಗಳ ಕೌದಿ ನಮ್ಮ ಕಡೆಯ ಹಾಗಲ್ಲ. ಒಂದು ಮೂಲೆಯಿಂದ ಶುರುಮಾಡಿ ಅಂಚಿನ ಗುಂಟ ಸುತ್ತುತ್ತ, ತುಂಡಿಗೆ ತುಂಡು ಸೇರಿಸುತ್ತ, ಒಳಗೊಳಗೆ ಬಂದು ಕೊನೆಗೆ ನಡುಮಧ್ಯದಲ್ಲಿ ಮುಗಿಸುತ್ತಾರೆ. ನಕ್ಷೆ ಇಲ್ಲ, ಅಳತೆಯ ಪಟ್ಟಿ ಇಲ್ಲ. ನಾಲ್ಕು ಮೂಲೆಗೆ ಮಡಚಿದ ತ್ರಿಕೋನದ ಹೂಗಳು, ಅದಕ್ಕೆ ಅವರು ಫೂಲಾ ಎನ್ನುತ್ತಾರೆ. ಫೂಲಾ ಇಲ್ಲದ ಕೌದಿ ಬತ್ತಲೆ ಇದ್ದ ಹಾಗೆ ಎಂದು ನಕ್ಕಳು. ನಡುವಿನ ಕೊನೆಯ ತುಂಡು ಮುಚ್ಚುವ ಮೊದಲು ನಾಲ್ಕು ಕಾಳು ಅಕ್ಕಿ ಹಾಕುತ್ತಾರಂತೆ. ಕೌದಿಯ ಹೊಟ್ಟೆ ತುಂಬಿರಬೇಕು, ಆಗ ಹೊದ್ದವರ ಹೊಟ್ಟೆಯೂ ತುಂಬಿರುತ್ತದೆ.

ಕೂಲಿ ಕೇಳಿದೆವು. 'ಮೂರು ಸಾವಿರ' ಎಂದಳು, ನೆಲ ನೋಡುತ್ತ. ಹಿರಿಯವನ ಬಾಯಿಯಿಂದ ಅಭ್ಯಾಸಬಲದಿಂದ 'ಎರಡು ಮಾಡ್ರಿ' ಎಂಬ ಮಾತು ಬಂದೇಬಿಟ್ಟಿತು. ಜವಳಿ ಸಾಲಿನ ಅಚ್ಚು ಹಾಕಿದ ಕೌದಿಯ ಬೆಲೆ ತಲೆಯಲ್ಲಿತ್ತೇನೋ. ತಿಂಗಳುಗಟ್ಟಲೆ, ಅಡಿಗೆ, ಸೌದೆ, ಕೂಲಿ ಮುಗಿದ ಮೇಲೆ ಸಿಗುವ ಹೊತ್ತಿನಲ್ಲಿ ಹಾಕುವ ಸಾವಿರಾರು ಹೊಲಿಗೆ. ನಡುವಿನವಳು ಅವನ ಕೈ ಚಿವುಟಿದಳು. ಮೂರಕ್ಕೆ ನಿಂತಿತು, ಅರ್ಧ ಮುಂಗಡ ಕೊಟ್ಟೆವು.

ಚಿವುಟಿದವಳದೂ ಒಂದು ಕತೆ ಇದೆ. ಸೀರೆಗಳನ್ನು ಟ್ರಂಕಿನಿಂದ ತೆಗೆದು ಚಾಪೆಯ ಮೇಲೆ ಇಡುವಾಗ ಅವಳು ಒಂದೊಂದನ್ನೇ ಎಣಿಸಿ, ಬಣ್ಣ ಬರೆದು, ಚೀಟಿ ಮಾಡಿದಳು. ಹಸಿರು ಎರಡು, ದಾಳಿಂಬೆ ಕೆಂಪು ಮೂರು, ಹೀಗೆ. ಶಾಲೆಯ ಸ್ಟಾಕ್ ಪುಸ್ತಕ ಬರೆಯುವ ಕೈ ಅದು. ಕಿರಿಯವಳು ಮೊಬೈಲಿನಲ್ಲಿ ಫೋಟೋ ಕೂಡ ತೆಗೆದಳು.

'ಬರಕೊಳ್ರಿ ಆಪಾ' ಎಂದಳು ಆಕೆ. ಸಿಟ್ಟಿರಲಿಲ್ಲ ದನಿಯಲ್ಲಿ. 'ಎಲ್ಲಾರೂ ಬರಕೊಂತಾರ.'

ಅಪ್ಪ ಹತ್ತಿ ಹಿಂಜಲು ಕುಳಿತಾಗ ಮನೆಯವರು ಮೊದಲು ಹತ್ತಿಯನ್ನು ತಕ್ಕಡಿಗೆ ಹಾಕುತ್ತಿದ್ದರು. ಹಿಂಜಿದ ಮೇಲೆ ಮತ್ತೆ ತೂಕ. ಹಳೆಯ ಹತ್ತಿಯ ದೂಳು, ಕಸ ಹಾರಿ ತೂಕ ಇಳಿಯುವುದು ಸಹಜ. ಆದರೂ 'ಪಿಂಜಾರ ಕದ್ದ' ಎಂಬ ಮಾತು ಯಾವ ಹಳ್ಳಿಯಲ್ಲೂ ತಪ್ಪುತ್ತಿರಲಿಲ್ಲ. ಅಪ್ಪ ಏಳುವ ಮೊದಲು ಅಂಗಿ ಝಾಡಿಸುತ್ತಿದ್ದ. ಗಡ್ಡಕ್ಕೆ, ಹುಬ್ಬಿಗೆ ಅಂಟಿದ ಹತ್ತಿಯನ್ನೂ ಬೆರಳಿನಿಂದ ಬಿಡಿಸಿ ಬಿಡಿಸಿ ತಕ್ಕಡಿಗೆ ಹಾಕುತ್ತಿದ್ದ. ಹಾಗೆ ಅವನು ಗಡ್ಡ ಬಾಚುವುದನ್ನು ಹಿರಿಯವನು ಒಮ್ಮೆ ಬಾಗಿಲ ಸಂದಿಯಿಂದ ನೋಡಿದ್ದ. ಆವತ್ತಿನಿಂದಲೇ ಅವನು ಓಣಿ ಸುತ್ತುಹಾಕಿ ಶಾಲೆಗೆ ಹೋಗತೊಡಗಿದ್ದು.

ನಡುವಿನವಳು ಚೀಟಿಯನ್ನು ಮಡಚಿ ಚೀಲಕ್ಕೆ ಹಾಕಿದಳು. ಹರಿಯಲಿಲ್ಲ. ಹರಿದರೆ ಅದೊಂದು ನಾಟಕವಾಗುತ್ತಿತ್ತು. ಆಕೆ ಅಷ್ಟರಲ್ಲಿ ದಾಳಿಂಬೆ ಕೆಂಪಿನ ಸೀರೆ ಎತ್ತಿ, ಅಂಚನ್ನು ಹಲ್ಲಿನಿಂದ ಸ್ವಲ್ಪ ಕಚ್ಚಿ, ಎರಡೂ ಕೈಯಿಂದ ಉದ್ದಕ್ಕೆ ಹರಿದಳು. ಕತ್ತರಿ ಮುಟ್ಟಲಿಲ್ಲ. ಪಿಸಿದ ಬಟ್ಟೆ ಎಲ್ಲಿ ನಿಲ್ಲುತ್ತದೆಂದು ಹರಿದರೇ ಗೊತ್ತಾಗುವುದಂತೆ. ಸೆರಗಿನ ಹತ್ತಿರ ಬಂದು ಅದು ನಿಂತಿತು. ಕೊಂಡಿ. ಅಲ್ಲಿಂದ ಮುಂದೆ ಹರಿಯಲಿಲ್ಲ.

'ಇದನ್ನ ಹಂಗೇ ನಡೂಕ ಹಾಕ್ತೀನಿ' ಎಂದಳು.

ನಾಲ್ಕು ತಿಂಗಳ ನಂತರ ಬಸ್ಸಿನವರ ಕೈಯಲ್ಲಿ ಕೌದಿ ಬಂತು. ಕೂಸಿಗೆ ಆಗಲೇ ಎರಡು ತಿಂಗಳು ತುಂಬಿತ್ತು, ಹೆಣ್ಣು ಕೂಸು. ಕೌದಿಯ ಜೊತೆ ಒಂದು ಪ್ಲಾಸ್ಟಿಕ್ ಚೀಲ, ಅದರಲ್ಲಿ ಉಳಿದ ಚೂರುಗಳೆಲ್ಲ. ಹೆಬ್ಬೆರಳಿನಷ್ಟು ಅಗಲದವೂ ಇದ್ದವು, ಸೀರೆಯ ಅಂಚಿನಿಂದ ಬಿದ್ದ ದಾರಗಳನ್ನು ಸುತ್ತಿ ಮಾಡಿದ ಒಂದು ಸಣ್ಣ ಉಂಡೆಯೂ ಇತ್ತು. ನಾವು ಮರಳಿ ಕೇಳಿರಲಿಲ್ಲ. ಹಿರಿಯವನು ಆ ಚೀಲವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಹಾಗೇ ಕುಳಿತಿದ್ದ. ಉಳಿದ ಅರ್ಧ ಹಣವನ್ನು ಕಳಿಸುವಾಗ ಎಷ್ಟು ಸೇರಿಸಿದ ಎಂಬುದನ್ನು ನಮಗೆ ಹೇಳಲಿಲ್ಲ.

ಹತ್ತಿಯ ಬಣ್ಣ ಮಾಸಿದ ಹಸಿರು, ಕೆಂಪು, ನೀಲಿಗಳ ನಡುವೆ ನಾಲ್ಕು ಮೂಲೆಯಲ್ಲಿ ಫೂಲಾಗಳು ಮಾತ್ರ ಝಗಮಗ ಹೊಳೆಯುತ್ತಿವೆ. ಗುಳೇದಗುಡ್ಡದ ದಾರಿಯಲ್ಲಿ ಮೋಸಹೋಗಿ ಕೊಂಡ ಪಾಲಿಯೆಸ್ಟರ್ ಖಣ! ಆಕೆಗೆ ಅದೇ ಎಲ್ಲಕ್ಕಿಂತ ಚೆಂದ ಕಂಡಿರಬೇಕು. ಕೂಸು ಈಗ ಮಗುಚಿಕೊಳ್ಳುತ್ತಿದೆ. ಮಲಗಿಸಿದ ಕೂಡಲೇ ಹೊರಳಿ ಹೊರಳಿ ಒಂದು ಮೂಲೆ ಸೇರಿ, ಆ ಫೂಲಾವನ್ನೇ ಬಾಯಿಗೆ ಹಾಕಿಕೊಂಡು ಚೀಪುತ್ತದೆ.